ಹಳ್ಳಕ್ಕೆ ಸರ್ಕಾರಿ ಹೆಸರು ಬರುವುದು ಹೇಗೆ?

ಹನೂರು ತಾಲ್ಲೂಕಿನ ಬಂಡಳ್ಳಿ ಸೀಮೆಯ ಕಾಡಂಚಿನ ಹಳ್ಳಗಳಲ್ಲಿ ವರ್ಷವಿಡೀ ಹರಿಯುವಂಥವು ಕಡಿಮೆ. ಮಳೆ ಜೋರಾಗಿ ಹಿಡಿದಾಗ ಕೆನ್ನೀರು ಬಂದು ಹೋಗುತ್ತದೆ. ಆಮೇಲೆ ಉಳಿಯುವುದು ಮರಳು, ಬಂಡೆ, ಅಲ್ಲೊಂದು ಇಲ್ಲೊಂದು ಮಡು. ದನ, ಆಡು, ಕುರಿ ಮೇಯಿಸುವವರಿಗೆ ಇಂಥ ಹಳ್ಳಗಳು ಹೆಸರಿನಿಂದಲೇ ಗೊತ್ತು. ಯಾವ ಹಳ್ಳದ ಮಡುವಿನಲ್ಲಿ ಬೇಸಗೆಗೂ ನೀರಿರುತ್ತದೆ, ಯಾವ ಹಳ್ಳಕ್ಕೆ ಆನೆ ಇಳಿಯುತ್ತದೆ ಎಂದು ಅವರು ಮಾತಾಡುವುದೇ ಹೆಸರು ಹಿಡಿದು. ಅದೇ ಹಳ್ಳವನ್ನು ಸರ್ಕಾರದ ಕಾಗದದಲ್ಲಿ ಹುಡುಕಿದರೆ ಮೂರರಲ್ಲೊಂದು ಕಾಣುತ್ತದೆ: ಹೆಸರೇ ಇಲ್ಲದ ಗೆರೆ, ಪಕ್ಕದ ಊರಿನ ಹೆಸರು ಅಂಟಿಸಿಕೊಂಡ ಹಳ್ಳ, ಇಲ್ಲವೇ ಊರಿನವರು ಎಂದೂ ಕೇಳಿರದ ಇನ್ನೊಂದು ಹೆಸರು.

ಸರ್ಕಾರಿ ಹೆಸರು ಎಂದರೆ ಯಾರೋ ಮೇಲಧಿಕಾರಿ ಆದೇಶ ಹೊರಡಿಸಿ ಇಟ್ಟದ್ದು ಎಂದು ನಾವು ಭಾವಿಸುತ್ತೇವೆ. ಹಳ್ಳಗಳ ಮಟ್ಟಿಗೆ ಆಗುವುದು ಹಾಗಲ್ಲ. ಮೊದಲು ಯಾರೋ ಒಬ್ಬರು ಸ್ಥಳದಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. ಆ ಕಾಗದ ನೋಡಿ ಎರಡನೆಯ ಇಲಾಖೆ ಬರೆಯುತ್ತದೆ, ಅದನ್ನು ನೋಡಿ ಮೂರನೆಯದು. ಮೂವತ್ತು ನಲವತ್ತು ವರ್ಷ ಹೀಗೆ ನಡೆದರೆ ಅದೇ ಅಧಿಕೃತ ಹೆಸರು. ಹಾಗಾಗಿ ಮೊದಲನೆಯ ಕಾಗದದಲ್ಲಿ ಏನು ಬಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ.

ಪಹಣಿಯಲ್ಲಿ, ಪತ್ರದಲ್ಲಿ ಹಳ್ಳ

ಹಳ್ಳ ಕಾಗದಕ್ಕೆ ಬರುವ ಮೊದಲ ಜಾಗ ಕಂದಾಯ ದಾಖಲೆ. ಪಹಣಿಯ ಮೂರನೆಯ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣದ ಕೆಳಗೆ ‘ಎ’ ಖರಾಬು, ‘ಬಿ’ ಖರಾಬು ಎಂದು ಇರುತ್ತದೆ. ಸಾಗುವಳಿಗೆ ಬಾರದ ಕಲ್ಲು ನೆಲ ‘ಎ’. ಸಾರ್ವಜನಿಕರಿಗಾಗಿ ಬಿಟ್ಟ ದಾರಿ, ಹಳ್ಳ, ಕಾಲುವೆಯಂಥವು ‘ಬಿ’. ನಿಮ್ಮ ಜಮೀನಿನ ನಡುವೆ ಹಳ್ಳ ಹಾದುಹೋಗಿದ್ದರೆ ಪಹಣಿಯಲ್ಲಿ ಅದು ಇಷ್ಟು ಗುಂಟೆ ‘ಬಿ’ ಖರಾಬು ಎಂಬ ಅಂಕಿ ಮಾತ್ರ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರುಗಳ ನಡುವೆ ಹೊರಳಿಕೊಂಡು ಹೋಗುವ ಜೋಡಿ ಗೆರೆ. ಹೆಸರಿಗೆ ಅಲ್ಲಿ ಪ್ರತ್ಯೇಕ ಜಾಗವೇ ಇಲ್ಲ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ರಸ್ತೆ, ಹೊಳೆ, ಹಳ್ಳ, ನಾಲೆಗಳ ಪಾತ್ರ, ಕೆರೆ ಎಲ್ಲ ಸರ್ಕಾರದ ಸ್ವತ್ತು. ಖಾಸಗಿಯವರ ಹಕ್ಕು ರುಜುವಾತಾದ ಕಡೆ ಮಾತ್ರ ಅದಕ್ಕೆ ವಿನಾಯಿತಿ. ಕಂದಾಯ ಇಲಾಖೆಗೆ ಬೇಕಾದದ್ದು ಒಡೆತನ ಮತ್ತು ಅಳತೆ. ಅದಕ್ಕೆ ಸರ್ವೆ ನಂಬರು ಸಾಕು, ಹೆಸರು ಬೇಕಿಲ್ಲ.

ಆದರೂ ಕಂದಾಯದ ಲೋಕದಲ್ಲಿ ಹೆಸರು ನುಸುಳುವ ಒಂದು ಕಿಂಡಿ ಇದೆ. ಅದು ಕ್ರಯಪತ್ರ, ವಿಭಾಗಪತ್ರಗಳ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥ ಹಳ್ಳ ಎಂದು ಪತ್ರ ಬರೆಯುವವರು ಊರಿನವರನ್ನು ಕೇಳಿಯೇ ಬರೆಯುತ್ತಿದ್ದರು. ಹಳೆಯ ಪತ್ರಗಳನ್ನು ಬಿಚ್ಚಿ ನೋಡಿದರೆ ಇಂದು ಬಳಕೆ ತಪ್ಪಿದ ಹಳ್ಳದ, ಓಣಿಯ, ದಿಣ್ಣೆಯ ಹೆಸರುಗಳು ಸಿಗುವುದು ಇದೇ ಚಕ್ಕುಬಂದಿಯಲ್ಲಿ. ನೋಂದಣಿಯಾದ ಪತ್ರ ದಾಖಲೆಯಾದ್ದರಿಂದ ಒಂದು ಹೆಸರು ಹಿಂದಿನಿಂದ ಬಳಕೆಯಲ್ಲಿತ್ತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಊರಿನಲ್ಲಿ ಸಿಗಲಾರದು.

ನಮ್ಮ ಸೀಮೆಗೆ ಇನ್ನೊಂದು ವಿಶೇಷ ಇದೆ. ಹನೂರನ್ನೂ ಒಳಗೊಂಡಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. 1887ರಲ್ಲಿ ಎಫ್. ಎ. ನಿಕಲ್ಸನ್ ಬರೆದ ಜಿಲ್ಲಾ ಕೈಪಿಡಿಯಲ್ಲಿ ಕೊಳ್ಳೇಗಾಲದ ವಿವರ ಸೇರಿರುವುದು ಕೊಯಮತ್ತೂರಿನ ಭಾಗವಾಗಿ. ಹಾಗಾಗಿ ಇಲ್ಲಿನ ಬೆಟ್ಟ, ಹಳ್ಳಗಳ ಹೆಸರು ಮೊದಲು ಕಾಗದಕ್ಕೆ ಇಳಿದದ್ದು ಮದರಾಸು ಪದ್ಧತಿಯ ಸರ್ವೆಯಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಮತ್ತು ಇಂಗ್ಲಿಷು ಇದ್ದ ಕಾಲದ ಗುರುತು ಈ ಭಾಗದ ಹಲವು ಹೆಸರುಗಳ ಮೇಲೆ ಇಂದಿಗೂ ಇದೆ.

ಹೆಸರು ಬರೆದುಕೊಳ್ಳುವವರು ಯಾರು?

ದೇಶದ ನಕ್ಷೆಗಳಲ್ಲಿ ಹೆಸರನ್ನು ನೆಲೆಗೊಳಿಸುವ ಹೊಣೆ ಸರ್ವೆ ಆಫ್ ಇಂಡಿಯಾದ್ದು. 1767ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ಡೆಹ್ರಾಡೂನ್‌ನಲ್ಲಿದೆ. ಬೆಂಗಳೂರಿನ ಕೋರಮಂಗಲದಲ್ಲೂ ಕಚೇರಿ ಇದೆ. ನಾಲ್ಕನೇ ಮೈಸೂರು ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಸ್ಥಳೀಯ ಹೆಸರುಗಳನ್ನು, ಶಾಸನಗಳನ್ನು, ಊರಿನ ಕಥೆಗಳನ್ನು ದೇಶಭಾಷೆ ಬಲ್ಲವರ ನೆರವಿನಿಂದ ಸಂಗ್ರಹಿಸಿದ ಮೆಕೆಂಜಿಯ ಕ್ರಮ ಹೆಸರುಗಳ ಮಟ್ಟಿಗೆ ಬಹಳ ದೊಡ್ಡ ಉಪಕಾರ.

ಸರ್ವೆ ಆಫ್ ಇಂಡಿಯಾದ ಮುಖ್ಯ ಸ್ಥಳನಕ್ಷೆ 1:50,000 ಪ್ರಮಾಣದ್ದು. ನೆಲದ ಮೇಲಿನ 1 ಕಿಲೋಮೀಟರ್ ಇದರಲ್ಲಿ 2 ಸೆಂಟಿಮೀಟರ್. ಹಳೆಯ ಸಂಖ್ಯಾ ಕ್ರಮದಲ್ಲಿ ಕೊಳ್ಳೇಗಾಲ ಬರುವುದು 57 ಎಚ್/4 ಹಾಳೆಯಲ್ಲಿ, ಹನೂರು 57 ಎಚ್/8ರಲ್ಲಿ. ಸದಾ ನೀರಿರುವ ಹೊಳೆ ನೀಲಿ, ಒಣ ಹಳ್ಳ ಕಪ್ಪು ಗೆರೆ. ಗೆರೆಯ ಬಳುಕಿಗೆ ತಕ್ಕಂತೆ ಹೆಸರನ್ನು ಅದರ ಉದ್ದಕ್ಕೆ ಬರೆದಿರುತ್ತಾರೆ. ಹಾಳೆಯ ತುಂಬ ನರಗಳಂತೆ ಹರಡಿರುವ ಗೆರೆಗಳಲ್ಲಿ ಹೆಸರು ಹೊತ್ತವು ಕೆಲವೇ. ಜಾಗದ ಕೊರತೆಯೂ ಇದಕ್ಕೆ ಕಾರಣ. ಹೆಸರು ಹೇಳುವವರು ಸಿಗದಿದ್ದುದೂ ಕಾರಣ.

ಈಗ ಗೆರೆ ಎಳೆಯಲು ವಿಮಾನ, ಉಪಗ್ರಹ, ಡ್ರೋನ್ ಚಿತ್ರಗಳಿವೆ. ಹೆಸರನ್ನು ಮಾತ್ರ ಆಕಾಶದಿಂದ ತೆಗೆಯಲಾಗದು, ಸರ್ವೇಯರ್ ನೆಲಕ್ಕೆ ಬಂದು ಕೇಳಲೇಬೇಕು. ಕೇಳಿ ಬರೆದುಕೊಂಡ ಹೆಸರುಗಳನ್ನು ಪಟ್ಟಿ ಮಾಡಿ ಸ್ಥಳೀಯ ಕಂದಾಯ ಅಧಿಕಾರಿಗಳಿಂದ ತಾಳೆ ನೋಡಿಸುವುದು ರೂಢಿ. ಊರಿನ ಹೆಸರಾದರೆ ತಾಲ್ಲೂಕಿನ ಗ್ರಾಮಗಳ ಪಟ್ಟಿ, ಜನಗಣತಿಯ ಪಟ್ಟಿ ಎರಡೂ ಕೈಯಲ್ಲಿರುತ್ತವೆ. ಹಳ್ಳಕ್ಕೆ ಅಂಥ ಪಟ್ಟಿ ಇಲ್ಲ. ಅಲ್ಲಿ ಸಿಕ್ಕವರು ಹೇಳಿದ್ದೇ ಆಧಾರ.

ತೊಡಕು ಶುರುವಾಗುವುದು ಇಲ್ಲೇ. ಊರ ಮಗ್ಗುಲಲ್ಲೇ ಇರುವ ಹಳ್ಳವನ್ನು ಊರಿನವರು ದಿನಬಳಕೆಯಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. “ಈ ಹಳ್ಳಕ್ಕೆ ಏನಂತೀರಿ?” ಎಂದು ಹೊಸಬರು ಕೇಳಿದರೆ “ಹಳ್ಳ ಅಂತೀವಿ ಬುದ್ದಿ” ಎಂಬ ಉತ್ತರ ಬರುವುದೇ ಹೆಚ್ಚು. ಆಗ ಬರೆಯುವವರು ಜಾಗ ಖಾಲಿ ಬಿಡುತ್ತಾರೆ, ಇಲ್ಲವೇ ಊರಿನ ಹೆಸರನ್ನೇ ಮುಂದಿಟ್ಟು ಹಳ್ಳ ಸೇರಿಸುತ್ತಾರೆ. ಎರಡನೆಯ ತೊಡಕು ಇನ್ನೂ ದೊಡ್ಡದು. ಒಂದೇ ಹಳ್ಳಕ್ಕೆ ಬೆಟ್ಟದ ಬುಡದಲ್ಲಿ ಒಂದು ಹೆಸರು, ಹೊಲಗಳ ನಡುವೆ ಇನ್ನೊಂದು, ಹೊಳೆ ಸೇರುವಲ್ಲಿ ಮತ್ತೊಂದು ಇರಬಹುದು. ಮೇಲಿನವರು ಅದು ಹೋಗುವ ಕಡೆಯ ಗುರುತು ಹಿಡಿದು ಕರೆದರೆ, ಕೆಳಗಿನವರು ಅದು ಬರುವ ಕಡೆಯ ಗುರುತು ಹಿಡಿಯುತ್ತಾರೆ. ಎಲ್ಲವೂ ಸರಿಯಾದ ಹೆಸರುಗಳೇ. ನಕ್ಷೆಯಲ್ಲಿ ಉಳಿಯುವುದು ಮಾತ್ರ ಸರ್ವೇಯರ್ ಎಲ್ಲಿ ನಿಂತು ಕೇಳಿದರೋ ಅಲ್ಲಿಯದು.

ಅಕ್ಷರ ದಾಟುವಾಗ

ಹೆಸರು ಸರಿಯಾಗಿ ಕೇಳಿಸಿಕೊಂಡರೂ ಇನ್ನೊಂದು ಗಂಡಾಂತರ ಇದೆ. ಸ್ಥಳನಕ್ಷೆಯ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿವೆ. 19ನೇ ಶತಮಾನದಲ್ಲಿ ವಿಲಿಯಂ ವಿಲ್ಸನ್ ಹಂಟರ್ ರೂಪಿಸಿದ ಲಿಪ್ಯಂತರ ಪದ್ಧತಿಯೇ ಇದಕ್ಕೆ ಬುನಾದಿ. ಮನಬಂದಂತೆ ಬರೆಯುತ್ತಿದ್ದ ಹೆಸರುಗಳಿಗೆ ಅದು ಒಂದು ಕ್ರಮ ತಂದಿತು. ಆದರೆ ಅಚ್ಚಾದ ನಕ್ಷೆಯಲ್ಲಿ ದ–ಡ, ತ–ಟ, ನ–ಣ, ಲ–ಳ ಜೋಡಿಗಳ ವ್ಯತ್ಯಾಸ ಕಾಣುವುದಿಲ್ಲ. ಬಂಡಳ್ಳಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ಊರು ಗೊತ್ತಿಲ್ಲದವರು ಬಂಡಳ್ಳಿ ಎಂದೂ ಓದಬಹುದು, ಬಂಡಲ್ಲಿ ಎಂದೂ ಓದಬಹುದು, ‘ಬಂದಲ್ಲಿ’ ಎಂದೂ ಓದಬಹುದು. ಊರಿಗಾದರೆ ಶಾಲೆಯ ಬೋರ್ಡು, ಬಸ್ಸಿನ ಬೋರ್ಡು, ಪಂಚಾಯಿತಿಯ ಮೊಹರು ಕನ್ನಡದಲ್ಲಿದ್ದು ತಪ್ಪನ್ನು ತಿದ್ದುತ್ತವೆ. ಕಾಡಿನೊಳಗಿನ ಹಳ್ಳಕ್ಕೆ ಬೋರ್ಡು ಹಾಕುವವರು ಯಾರು? ಒಮ್ಮೆ ಇಂಗ್ಲಿಷಿಗೆ ಹೋದ ಹೆಸರು ಕನ್ನಡಕ್ಕೆ ಮರಳುವಾಗ ಬೇರೆಯೇ ಆಗಿ ಮರಳುತ್ತದೆ. ಆ ತಪ್ಪೇ ಮುಂದೆ ಟೆಂಡರು, ವರದಿ, ಫಲಕಗಳಲ್ಲಿ ಸರಿಯಾದದ್ದಾಗುತ್ತದೆ. ಅದಕ್ಕೇ ಹೆಸರನ್ನು ಮೊದಲ ಸಲ ದಾಖಲಿಸುವಾಗಲೇ ಕನ್ನಡ ಅಕ್ಷರದಲ್ಲಿ ಬರೆಸಬೇಕು.

ನಮ್ಮ ಸೀಮೆಯ ಮೂರು ಹರಿವುಗಳು

ಹೆಸರು ಕಾಗದದಿಂದ ಕಾಗದಕ್ಕೆ ಹೋಗುವಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಿಲ್ಲ.

ಮೊದಲನೆಯದು ಹೊನ್ನುಹೊಳೆ. ನಿರೆದುರ್ಗಿಹಳ್ಳ, ಅರೈಕಾಡುಹಳ್ಳ ಎಂಬ ಎರಡು ಹಳ್ಳಗಳು ಕೂಡಿ ಹುಟ್ಟುವ ಈ ಹೊಳೆ ಚಾಮರಾಜನಗರ, ಯಳಂದೂರು ಸೀಮೆ ದಾಟಿ ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ. ಇದಕ್ಕೆ ಸುವರ್ಣಾವತಿ ಎಂಬ ಸಂಸ್ಕೃತ ಹೆಸರೂ ಇದೆ. ಅಟ್ಟುಗುಳಿಪುರದ ಬಳಿ ಅಣೆಕಟ್ಟು ಆದಾಗ ಯೋಜನೆಗೆ ಸಂದದ್ದು ಸುವರ್ಣಾವತಿ ಜಲಾಶಯ ಎಂಬ ಹೆಸರು. ಯೋಜನೆಯ ಹೆಸರು ನಾಲೆಗೆ ಹೋಯಿತು, ಅಚ್ಚುಕಟ್ಟಿಗೆ ಹೋಯಿತು, ಪಠ್ಯಪುಸ್ತಕಕ್ಕೆ ಹೋಯಿತು. ಹೊನ್ನುಹೊಳೆ ಎಂಬುದು ಈಗ ಹಿರಿಯರ ಮಾತಿನಲ್ಲಿ, ಗ್ಯಾಸೆಟಿಯರಿನಲ್ಲಿ ಉಳಿದಿದೆ. ಹೊಳೆಯ ಹೆಸರು ತೆಗೆಯಿರಿ ಎಂದು ಯಾರೂ ಆದೇಶ ಮಾಡಿದ್ದಲ್ಲ. ಎರಡು ಹೆಸರಿದ್ದಾಗ ಅಣೆಕಟ್ಟಿನ ಕಡತ ಒಂದನ್ನು ಆರಿಸಿಕೊಂಡಿತು, ಅಷ್ಟೆ.

ಎರಡನೆಯದು ಉಡುತೊರೆಹಳ್ಳ. ಹನೂರು ತಾಲ್ಲೂಕಿನ ಅಜ್ಜೀಪುರದ ಬಳಿಯ ಜಲಾಶಯ ಈ ಹೆಸರಿನದು. ತೊರೆ ಎಂದರೂ ಹರಿವು, ಹಳ್ಳ ಎಂದರೂ ಹರಿವು. ನೀರಾವರಿ ಕಡತದಲ್ಲಿ ಎರಡೂ ಒಟ್ಟಿಗೆ ನಿಂತಿವೆ. ಇಲ್ಲಿ ಅಣೆಕಟ್ಟು ಮಾಡಿದ್ದು ಉಪಕಾರ. ಊರಿನ ಹೆಸರನ್ನಾಗಲಿ ನಾಯಕರ ಹೆಸರನ್ನಾಗಲಿ ಇಡದೆ ಹಳ್ಳದ ಹೆಸರನ್ನೇ ಉಳಿಸಿಕೊಂಡದ್ದರಿಂದ ಒಂದು ಹಳ್ಳಿಗಾಡಿನ ಹರಿವಿನ ಹೆಸರು ರಾಜ್ಯದ ಜಲಾಶಯಗಳ ಪಟ್ಟಿಯಲ್ಲಿ ಬದುಕಿದೆ.

ಮೂರನೆಯದು ಪಾಲಾರ್. ಮಲೆ ಮಹದೇಶ್ವರ ಬೆಟ್ಟದ ಆಚೆ ತಮಿಳುನಾಡಿನ ಗಡಿಯಲ್ಲಿ ಹರಿದು ಕಾವೇರಿಗೆ ಸೇರುವ ಈ ಹೊಳೆಗೆ ದಾಖಲೆಯಲ್ಲಿ ನಿಂತಿರುವುದು ತಮಿಳು ರೂಪ. ಇದೇ ಹೆಸರಿನ ಇನ್ನೊಂದು ನದಿ ಕೋಲಾರದ ಕಡೆ ಹರಿದು ವೆಲ್ಲೂರು ಮುಟ್ಟಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಬರೀ ‘ಪಾಲಾರ್’ ಎಂದು ಬರೆದ ವರದಿ ಓದಿದವರಿಗೆ ಯಾವುದು ಎಂಬ ಗೊಂದಲ ಸಹಜ. ಅದಕ್ಕೇ ಹರಿವಿನ ಹೆಸರು ಬರೆಯುವಾಗ ಹುಟ್ಟುವ ಜಾಗ, ಸೇರುವ ಜಾಗ ಎರಡನ್ನೂ ಜತೆಗೆ ಬರೆಯಬೇಕು.

ಕಾಡಿನೊಳಗಿನ ಹೆಸರುಗಳು

ಹೊಲದ ಹಳ್ಳಕ್ಕಿಂತ ಕಾಡಿನ ಹಳ್ಳದ ಹೆಸರಿಗೆ ಅಪಾಯ ಹೆಚ್ಚು. ಅಲ್ಲಿ ಚಕ್ಕುಬಂದಿ ಇಲ್ಲ, ಪಹಣಿ ಇಲ್ಲ. 1882ರ ಮದರಾಸು ಅರಣ್ಯ ಕಾಯ್ದೆಯ ಕಾಲದಿಂದಲೂ ಮೀಸಲು ಅರಣ್ಯದ ಅಧಿಸೂಚನೆಗಳಲ್ಲಿ ಗಡಿಯನ್ನು ಮಾತಿನಲ್ಲೇ ವಿವರಿಸುವುದು ಪದ್ಧತಿ: ಇಂಥ ಬಂಡೆಯಿಂದ ಇಂಥ ಹಳ್ಳಕ್ಕೆ, ಹಳ್ಳದ ದಂಡೆ ಹಿಡಿದು ಇಂಥ ಬೆಟ್ಟದ ನೆತ್ತಿಗೆ ಎಂದು. ಗಡಿಗೆ ತಾಗಿದ ಹಳ್ಳದ ಹೆಸರು ಹೀಗೆ ರಾಜ್ಯಪತ್ರಕ್ಕೆ ಏರಿತು. ಗಡಿಯೊಳಗಿನದು ಹೊರಗೇ ಉಳಿಯಿತು. 1987ರಲ್ಲಿ ಕಾವೇರಿ ವನ್ಯಜೀವಿಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ ಆದ ಮೇಲೆ ಜನರ ಓಡಾಟವೂ ತಗ್ಗಿತು. ದನದ ದೊಡ್ಡಿ ಹಾಕುವವರು, ಬಿದಿರಿಗೆ ಹೋಗುವವರು ಇಲ್ಲವಾದರೆ ಆ ಹೆಸರುಗಳನ್ನು ಕರೆಯುವ ಬಾಯಿಯೇ ಇರುವುದಿಲ್ಲ.

ಆಚರಣೆಯೊಂದು ಹೆಸರನ್ನು ಕಾಯ್ದುಕೊಂಡು ಬಂದದ್ದೂ ಇಲ್ಲೇ ಇದೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಮಾದಪ್ಪನ (ಮಲೆ ಮಹದೇಶ್ವರನ) ಅಭಿಷೇಕಕ್ಕೆ ಕಾಡಿನ ಹಾಲಹಳ್ಳದಿಂದ ನೀರು ಹೊತ್ತು ತರುತ್ತಾರೆ. ವರ್ಷಕ್ಕೊಮ್ಮೆ ಸಾವಿರಾರು ಜನ ಆ ಹಳ್ಳದ ಹೆಸರು ಹೇಳುತ್ತಾರೆ, ಪತ್ರಿಕೆಗಳು ಅಚ್ಚು ಹಾಕುತ್ತವೆ. ನಕ್ಷೆ ಮರೆತರೂ ಈ ಹೆಸರು ಮರೆಯಾಗದು.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮಾಡಿದ್ದು ಇನ್ನೂ ದೊಡ್ಡ ಕೆಲಸ. ಸೋಲಿಗರ ಕಾಡು ಕುಲಗಳ ಎಲ್ಲೆಗಳಾಗಿ ಹಂಚಿಹೋಗಿದೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯ ತಾಣಗಳಿವೆ. ಅಬ್ಬಿ ಎಂದರೆ ನೀರಿನ ತಾಣ. ಏಟ್ರೀ ಸಂಸ್ಥೆಯ ಸಂಶೋಧಕರ ಜತೆ ಸೋಲಿಗ ಹಿರಿಯರೇ ಕಾಡು ಸುತ್ತಿ ಜಿಪಿಎಸ್ ಹಿಡಿದು ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ಹೆಸರಿನ ಸಮೇತ ನಕ್ಷೆಗೆ ಇಳಿಸಿದರು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹೆಸರು ಗೊತ್ತಿದ್ದವರು ಯಾರು ಎಂಬುದು ಆ ಕಾಡಿನಲ್ಲಿ ಬಾಳಿದವರು ಯಾರು ಎಂಬುದಕ್ಕೆ ಬಲವಾದ ಸಾಕ್ಷಿ. 2006ರ ಈ ಕಾಯ್ದೆಯ ಸಮುದಾಯ ಹಕ್ಕುಪತ್ರದ ನಮೂನೆಯಲ್ಲೇ ರೂಢಿಯ ಗಡಿ, ಎದ್ದುಕಾಣುವ ಗುರುತುಗಳನ್ನು ಬರೆಯಲು ಜಾಗವಿದೆ. ಹಳ್ಳದ ಹೆಸರು ಅಲ್ಲಿ ಬಿದ್ದರೆ ಅದು ಜಿಲ್ಲಾ ಮಟ್ಟದ ಸಹಿ ಇರುವ ದಾಖಲೆ.

ಬದಲಿಸುವುದಕ್ಕೂ ಉಳಿಸುವುದಕ್ಕೂ ನಿಯಮ

ಊರು, ಪಟ್ಟಣ, ರೈಲು ನಿಲ್ದಾಣಗಳ ಹೆಸರು ಬದಲಿಸಲು ಕೇಂದ್ರ ಗೃಹ ಇಲಾಖೆ 1953ರಲ್ಲೇ ಮಾರ್ಗಸೂಚಿ ಮಾಡಿದೆ. ಚರಿತ್ರೆಯ ನಂಟಿರುವ ಹೆಸರನ್ನು ಆದಷ್ಟು ಬದಲಿಸಬಾರದು, ಬರೀ ಅಭಿಮಾನಕ್ಕಾಗಿ ಬದಲಿಸಬಾರದು, ಹೊಸ ಹೆಸರು ಅಕ್ಕಪಕ್ಕದಲ್ಲಿ ಇನ್ನೊಂದಿದ್ದು ಗೊಂದಲ ಆಗಬಾರದು ಎಂಬುದು ಅದರ ಸಾರ. ರಾಜ್ಯದ ಪ್ರಸ್ತಾವದ ಮೇಲೆ ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾದವರ ಅಭಿಪ್ರಾಯ ಪಡೆದು ಕೇಂದ್ರ ಒಪ್ಪಿಗೆ ಕೊಡುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ ನಮ್ಮ 12 ನಗರಗಳ ಇಂಗ್ಲಿಷ್ ಬರಹ ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡದ್ದು ಈ ದಾರಿಯಲ್ಲೇ. ಹಳ್ಳಕ್ಕೆಂದು ಇಂಥ ಪ್ರತ್ಯೇಕ ಅರ್ಜಿ ನಮೂನೆ ನಮ್ಮಲ್ಲಿ ಇಲ್ಲ.

ಅಮೆರಿಕದಲ್ಲಿ ಇದೆ. 1890ರಲ್ಲಿ ಅಲ್ಲಿ ಭೌಗೋಳಿಕ ಹೆಸರುಗಳ ಮಂಡಳಿ ಹುಟ್ಟಿತು. ಹೆಸರಿಲ್ಲದ ತೊರೆಗೆ ಹೆಸರು ಸೂಚಿಸಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಮಂಡಳಿ ಸ್ಥಳೀಯ ಬಳಕೆ ಏನೆಂದು ವಿಚಾರಿಸುತ್ತದೆ, ಸ್ಥಳೀಯ ಆಡಳಿತ ಮತ್ತು ಮೂಲನಿವಾಸಿಗಳ ಅಭಿಪ್ರಾಯ ಕೇಳುತ್ತದೆ, ಆಮೇಲೆ ಮತಕ್ಕೆ ಹಾಕುತ್ತದೆ. ವ್ಯಕ್ತಿಯ ಹೆಸರಿಡುವುದಾದರೆ ಅವರು ತೀರಿಕೊಂಡು ಕನಿಷ್ಠ 5 ವರ್ಷ ಆಗಿರಬೇಕು. ಒಪ್ಪಿಗೆಯಾದ ಹೆಸರನ್ನು ಅಲ್ಲಿನ ಕೇಂದ್ರ ಸರ್ಕಾರದ ಎಲ್ಲ ಇಲಾಖೆಗಳೂ ಬಳಸಬೇಕು. ದೇಶ ದೇಶಗಳಲ್ಲಿ ಹೆಸರುಗಳಿಗೊಂದು ರಾಷ್ಟ್ರೀಯ ವ್ಯವಸ್ಥೆ ಇರಬೇಕೆಂದು ವಿಶ್ವಸಂಸ್ಥೆ 1967ರ ಜಿನೀವಾ ಸಮ್ಮೇಳನದಿಂದಲೂ ಹೇಳುತ್ತ ಬಂದಿದೆ. ನಮ್ಮ 2022ರ ರಾಷ್ಟ್ರೀಯ ಭೂಸ್ಥಳೀಯ ನೀತಿಯೂ ಸ್ಥಳನಾಮಗಳನ್ನು ಮೂಲ ದತ್ತಾಂಶದಲ್ಲಿ ಸೇರಿಸಿದೆ. ಅಂದರೆ ಹೆಸರು ಕೇಳುವವರು ಮತ್ತೆ ಬರುತ್ತಾರೆ. ಅವರು ಬರುವ ಹೊತ್ತಿಗೆ ಊರಿನ ಬಳಿ ಪಟ್ಟಿ ಸಿದ್ಧವಿರಬೇಕು.

ಊರಿನವರು ಮಾಡಬಹುದಾದದ್ದು

ಮೊದಲು ಹಿರಿಯರನ್ನು, ಅದರಲ್ಲೂ ದನ ಕಾದವರನ್ನು, ಸೌದೆಗೆ, ಸೊಪ್ಪಿಗೆ ಹೋಗುತ್ತಿದ್ದ ಹೆಂಗಸರನ್ನು ಕೂರಿಸಿಕೊಂಡು ಹೆಸರು ಬರೆಯಿರಿ. ಒಂದು ಹಳ್ಳಕ್ಕೆ ಎರಡು ಹೆಸರು ಬಂದರೆ ಎರಡನ್ನೂ ಬರೆಯಿರಿ. ಎಲ್ಲಿಂದ ಎಲ್ಲಿಯವರೆಗೆ ಆ ಹೆಸರು ನಡೆಯುತ್ತದೆ ಎಂದೂ ಗುರುತು ಮಾಡಿ.

ಎರಡನೆಯದು ಜಾಗ. ಹಳ್ಳದ ಬದಿ ನಿಂತು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ಸಿಗುತ್ತದೆ. ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ಹಾಳೆಗಳನ್ನು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು. ಹೆಸರು, ಸರ್ವೆ ನಂಬರು, ಹುಟ್ಟುವ ಜಾಗ, ಸೇರುವ ಜಾಗ ನಾಲ್ಕೂ ಒಂದೇ ಸಾಲಿನಲ್ಲಿರಲಿ. ಹಳೆಯ ಪತ್ರದ ಚಕ್ಕುಬಂದಿಯಲ್ಲಿ ಆ ಹೆಸರಿದ್ದರೆ ನಕಲು ಲಗತ್ತಿಸಿ.

ಮೂರನೆಯದು ಠರಾವು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಪಟ್ಟಿಯನ್ನು ಅಲ್ಲಿ ಓದಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಳ್ಳ, ಮಡುಗಳ ಹೆಸರಿಗೆ ಅದೂ ಸರಿಯಾದ ಜಾಗ. ಠರಾವಿನ ಪ್ರತಿ ತಹಶೀಲ್ದಾರರಿಗೆ, ಭೂದಾಖಲೆ ಇಲಾಖೆಗೆ, ಸರ್ವೆ ಆಫ್ ಇಂಡಿಯಾದ ಬೆಂಗಳೂರು ಕಚೇರಿಗೆ ಹೋಗಲಿ.

ನಾಲ್ಕನೆಯದು ಬಳಕೆ. ಚೆಕ್‌ಡ್ಯಾಂ, ಹೂಳೆತ್ತುವ ಕಾಮಗಾರಿಗಳ ಪಟ್ಟಿಯಲ್ಲಿ ‘ಇಂಥವರ ಜಮೀನಿನ ಪಕ್ಕದ ಹಳ್ಳ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಜಮೀನು ಕೈ ಬದಲಾದರೆ ಆ ಗುರುತೂ ಹೋಗುತ್ತದೆ. ಹಳ್ಳದ ಹೆಸರು ಬರೆಯಿರಿ ಎಂದು ಕಾಮಗಾರಿ ಬರೆಯುವ ಹೊತ್ತಿನಲ್ಲೇ ಕೇಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದಲ್ಲೇ ಹೆಸರು ಸೇರಿಸಲು ಯಾರ ಅಪ್ಪಣೆಯೂ ಬೇಡ. ಅದು ಅಧಿಕೃತವಲ್ಲ, ಆದರೆ ನಾಳೆ ಹುಡುಕುವವರಿಗೆ ಸಿಗುತ್ತದೆ.

ಇಷ್ಟೆಲ್ಲ ಏಕೆ ಎಂದರೆ, ಹೆಸರಿಲ್ಲದ ಹಳ್ಳವನ್ನು ಮುಚ್ಚುವುದು ಸುಲಭ. ಒತ್ತುವರಿ ಆಗಿದೆ ಎಂದು ದೂರು ಕೊಡಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಯಾವ ಹಳ್ಳ ಎಂಬುದು. ಕಾಡಿಗೆ ಬೆಂಕಿ ಬಿದ್ದಾಗ, ಹಳ್ಳ ಉಕ್ಕಿ ಜನ ಸಿಕ್ಕಿಕೊಂಡಾಗ, ಆನೆ ಇಳಿದಾಗ ಫೋನಿನಲ್ಲಿ ಹೇಳಬೇಕಾದದ್ದೂ ಅದೇ ಹೆಸರು. ಆ ಹೆಸರು ಬಲ್ಲವರಲ್ಲಿ ಹೆಚ್ಚಿನವರು ಈಗ ಎಪ್ಪತ್ತು ದಾಟಿದವರು. ಬರುವ ಗ್ರಾಮಸಭೆಗೆ ಅವರನ್ನು ಕರೆದುಕೊಂಡು ಹೋಗಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿ.